ತಿರುಗಿಸಿದರೆ ಇಪ್ಪತ್ತು ಜಾಸ್ತಿ

ಬನ್ನಿ, ಚಪ್ಪಲಿ ಕೈಯಲ್ಲಿ ಹಿಡಿದುಕೊಳ್ಳಿ,
ಈ ದಡದ ಕೆಸರಿಗೆ ಪಾದಗಳೆಲ್ಲ ಒಂದೇ ಲೆಕ್ಕ.
ತಲೆಗೆ ಅರವತ್ತು, ಮಕ್ಕಳಿಗೆ ಅರ್ಧ.
ನಡುನೀರಲ್ಲಿ ಹರಿಗೋಲು ಗಿರಗಿರನೆ ತಿರುಗಿಸಿದರೆ
ಇಪ್ಪತ್ತು ಜಾಸ್ತಿ.

ಹುಟ್ಟು ಹಾಕುವವನು ನಮ್ಮಪ್ಪ, ಇನ್ನಾಸಪ್ಪ.
ಮಾತು ಕಡಿಮೆ.
ಅವನ ಪಾಲಿನದನ್ನೂ ಸೇರಿಸಿ ನಾನೇ ಆಡುತ್ತೇನೆ.

ಅಗೋ, ಅದೇ ನಡುಗಡ್ಡೆ.
ಆಷಾಢದಿಂದ ಸಂಕ್ರಾಂತಿವರೆಗೆ ಮಾತ್ರ.
ಆಮೇಲೆ ಹೇಮಾವತಿ ಕಾಲುವೆ ಹಿಡಿದು ಊರೂರಿಗೆ ಹೋದಂತೆಲ್ಲ
ಅದು ಬರೀ ದಿಣ್ಣೆ;
ದನಗಳು ನಡೆದೇ ಹೋಗಿ ಮೇಯುತ್ತವೆ.
ಆಗ ಒಬ್ಬರೂ ನೋಡಲು ಬರುವುದಿಲ್ಲ.
ಸುತ್ತ ನೀರು ನಿಂತರೇ ನೆಲಕ್ಕೂ ಬೆಲೆ.

ಅಲ್ಲೇನಿದೆ ಅಂದಿರಾ?
ಮೂರು ಹೊಂಗೆ ಮರ, ಹಕ್ಕಿ ಹಿಕ್ಕೆಯಿಂದ ಬೆಳ್ಳಗಾದವು.
ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುವ ನೀರುಕಾಗೆ,
ಥೇಟ್ ಹಗ್ಗದ ಮೇಲಿನ ಒದ್ದೆ ಅಂಗಿ.
ಗಾಳ ಬೇಕಾದರೆ ಕೊಡುತ್ತೇನೆ, ಎರೆಹುಳ ನೀವೇ ಸಿಕ್ಕಿಸಬೇಕು.
ಈಜಬೇಕಾದರೆ ಈ ಬದಿ.
ಆ ಬದಿ ಬೇಡ, ಅಲ್ಲಿ ಗೋಡೆಗಳಿವೆ ಕೆಳಗೆ.

ತಿನ್ನಲು ಜಿಲೇಬಿ ಇದೆ ಅಂದದ್ದಕ್ಕೆ
ಮೊನ್ನೆ ಒಂದು ಹುಡುಗಿ
‘ಬಿಸಿಯಿದೆಯಾ ಆಂಟಿ, ಪಾಕ ಜಾಸ್ತಿ ಇರಲಿ’ ಅಂದಳು.
ಮುಳ್ಳಿರುವ ಜಿಲೇಬಿ ಕಣಮ್ಮ ಇದು,
ನಸುಕಿನಲ್ಲಿ ಬಲೆಗೆ ಬಿದ್ದ ಮೀನು.
ಹುಣಸೆ, ಖಾರದಪುಡಿ, ಬೆರಳ ತುದಿಯಷ್ಟು ಅಕ್ಕಿಹಿಟ್ಟು;
ಕಾದ ಕಾವಲಿಯ ಮೇಲೆ ಬಾಲ ಸೆಟೆದು
ಕೊನೆಯದೊಂದು ಈಜು ಈಜಿದಂತೆ ಕಾಣುತ್ತದೆ.
ಮೀನು ಒಲ್ಲದವರಿಗೆ ಹುರುಳಿಕಾಳಿನ ಬಸ್ಸಾರು, ಮುದ್ದೆ.
ಮುದ್ದೆ ಅಗಿಯಬೇಡಿ ಸಾರ್, ನುಂಗಿ!
ಅಗಿದವರಿಗೆ ಅದು ಬರೀ ಹಿಟ್ಟು,
ನುಂಗಿದವರಿಗೆ ಊಟ.
ಕೆಂಡದೊಳಗೆ ಹೂತಿಟ್ಟ ಹಾಸನದ ಆಲೂಗಡ್ಡೆ ಬೇರೆ,
ಸಿಪ್ಪೆ ಊದಿ ಊದಿ ಬಿಡಿಸಿ ಉಪ್ಪಿಗೆ ಅದ್ದಿ.
ಕುಡಿಯಲು ಬೆಲ್ಲದ ಕಾಫಿ,
ಇಲ್ಲವೇ ಶುಂಠಿ ಜಜ್ಜಿದ ಮಜ್ಜಿಗೆ.
ಬೇರೆ ಏನಾದರೂ ಅಂತ ಕಣ್ಣು ಮಿಟುಕಿಸಿದವರನ್ನು
ಅಪ್ಪ ಹರಿಗೋಲಿಗೆ ಹತ್ತಿಸುವುದಿಲ್ಲ.

ಈಗ ಗಟ್ಟಿಯಾಗಿ ಅಂಚು ಹಿಡಿದುಕೊಳ್ಳಿ.
ಇಪ್ಪತ್ತು ಕೊಟ್ಟಿದ್ದೀರಲ್ಲ.

ದಿಕ್ಕು ಮೊದಲು ಹೋಗುತ್ತದೆ,
ಆಮೇಲೆ ದಡ, ಆಮೇಲೆ ನಿಮ್ಮ ಹೆಂಡತಿಯ ಮುಖ;
ಕಿರುಚು, ನಗು, ಯಾರದೋ ಟೋಪಿ ನೀರಿಗೆ.
ಅಪ್ಪ ಮಾತ್ರ ತಲೆ ಬಗ್ಗಿಸಿ, ಕೆಳಗೆ ಯಾರೋ ಕರೆದವರಂತೆ.

ಎಷ್ಟು ವರ್ಷ ಕೇಳಿದ್ದೇನೆ:
ಇಷ್ಟು ಅಗಲದ ಹಿನ್ನೀರಿನಲ್ಲಿ
ದಿನಾ ಇದೇ ಜಾಗದಲ್ಲಿ ಯಾಕಪ್ಪ ತಿರುಗಿಸುವುದು?
ಆಳ ಚೆನ್ನಾಗಿದೆ ಅನ್ನುತ್ತಿದ್ದ.
ಗಾಳಿ ಇಲ್ಲ ಅನ್ನುತ್ತಿದ್ದ.
ಹೋದ ವರ್ಷ ಜ್ವರ ಬಿಟ್ಟ ಮಾರನೆಯ ದಿನ,
ಗಂಜಿ ಲೋಟ ಹಿಡಿದುಕೊಂಡು, ಕೇಳದೆಯೇ ಅಂದ:
‘ಸೇದೋ ಬಾವಿ ಇತ್ತಲ್ಲವ್ವ ಅಲ್ಲಿ.
ನಮ್ಮವ್ವ ನೀರು ಸೇದುವಾಗ
ರಾಟೆ ಅಲ್ಲೇ ತಿರುಗ್ತಿದ್ದದ್ದು.’

ನೀರಿನ ಮೇಲೆ ಕೂತು ನೀರು ಸೇದುತ್ತಾನೆ ಮುದುಕ.
ಹಗ್ಗವಿಲ್ಲ, ಕೊಡವಿಲ್ಲ,
ಮೇಲೆ ಬರುವುದೂ ಏನಿಲ್ಲ;
ಬಂದರೆ ನಿಮ್ಮ ವಾಂತಿ, ಕ್ಷಮಿಸಿ,
ತಿಂದ ಕೂಡಲೇ ಹತ್ತಬೇಡಿ ಅಂದಿದ್ದೆ.

ಐದೂವರೆಗೆ ಕೊನೆಯ ಸವಾರಿ.
ಎಲೆ, ಮುಳ್ಳು ಗುಂಡಿಗೆ ಹಾಕಿ, ಬಾಟಲಿ ಹಿಂದಕ್ಕೆ ತನ್ನಿ.
ತಲೆ ಎಣಿಸುವವಳು ನಾನು,
ಹತ್ತು ಬಂದಿರಿ, ಹತ್ತು ಇದ್ದೀರಿ.

ಕಾವಲಿ ತಿಕ್ಕುವಾಗ ನೋಡುತ್ತೇನೆ,
ನಡುಗಡ್ಡೆಯ ಅಂಚಿನಲ್ಲಿ
ಮಗುವಿನದೊಂದು ಚಪ್ಪಲಿ, ಎಡಗಾಲಿನದು.
ಅಪ್ಪ ಆಗಲೇ ಹುಟ್ಟು ಕೈಗೆತ್ತಿಕೊಂಡಿದ್ದಾನೆ.
‘ನಾಳೆ ತಂದರಾಯಿತು, ಕತ್ತಲಾಯ್ತು’ ಅಂದರೆ
ಕೇಳುವ ಆಸಾಮಿಯೇ?
ಒಬ್ಬನೇ ಹೋಗುತ್ತಿದ್ದಾನೆ,
ನಡುವೆ, ಅಲ್ಲೇ,
ದುಡ್ಡು ಕೊಡುವವರಿಲ್ಲದಿದ್ದರೂ
ಒಂದು ಸುತ್ತು.